ಮೂರು ತಿಂಗಳ ಗುಟ್ಟು

‘ದಿ ಕುಕೂಸ್ ಕಾಲಿಂಗ್’ 2013ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಪತ್ತೇದಾರಿ ಕಾದಂಬರಿ. ಮುಖಪುಟದಲ್ಲಿದ್ದ ಹೆಸರು ರಾಬರ್ಟ್ ಗಾಲ್‌ಬ್ರೈತ್. ಸೇನಾ ಪೊಲೀಸ್ ತನಿಖಾ ವಿಭಾಗದಲ್ಲಿದ್ದು, 2003ರಲ್ಲಿ ಸೇನೆ ಬಿಟ್ಟು ಭದ್ರತಾ ಉದ್ಯಮ ಸೇರಿದವನು ಎಂಬುದು ಅವನ ಪರಿಚಯ. ಅಂಥ ಮನುಷ್ಯನೇ ಇರಲಿಲ್ಲ. ಬರೆದವರು ಹ್ಯಾರಿ ಪಾಟರ್ ಖ್ಯಾತಿಯ ಜೆ.ಕೆ. ರೌಲಿಂಗ್.

ರೌಲಿಂಗ್ ಹಿಂದಿನ ವರ್ಷವಷ್ಟೇ ದೊಡ್ಡವರಿಗಾಗಿ ಬರೆದ ‘ದಿ ಕ್ಯಾಶುಯಲ್ ವೇಕೆನ್ಸಿ’ಯನ್ನು ಸ್ವಂತ ಹೆಸರಿನಲ್ಲಿ ಹೊರತಂದಿದ್ದರು. ಅದು ಅಂಗಡಿಗೆ ಬರುವ ಮೊದಲೇ ಅದರ ಸುತ್ತ ಗದ್ದಲ ಎದ್ದಿತ್ತು. ಈ ಸಲ ಅವರಿಗೆ ಬೇಕಿದ್ದದ್ದು ಹೊಸಬನೊಬ್ಬನಿಗೆ ಸಿಗುವಷ್ಟೇ ಗಮನ, ಮುಲಾಜಿಲ್ಲದ ಅಭಿಪ್ರಾಯ. ಅವರು ಮೆಚ್ಚುವ ಅಮೆರಿಕದ ರಾಜಕಾರಣಿ ರಾಬರ್ಟ್ ಕೆನಡಿಯಿಂದ ‘ರಾಬರ್ಟ್’ ಬಂತು. ಬಾಲ್ಯದಲ್ಲಿ ತನಗೆ ‘ಎಲಾ ಗಾಲ್‌ಬ್ರೈತ್’ ಎಂಬ ಹೆಸರಿರಬೇಕಿತ್ತೆಂದು ಆಸೆಪಡುತ್ತಿದ್ದುದರಿಂದ ಉಳಿದರ್ಧ ಬಂತು. ಪುಸ್ತಕದ ಪರಿಚಯದಲ್ಲೇ ‘ರಾಬರ್ಟ್ ಗಾಲ್‌ಬ್ರೈತ್’ ಗುಪ್ತನಾಮ ಎಂದು ಅಚ್ಚು ಹಾಕಿಸಿದ್ದು ಜಾಣತನದ ನಡೆ. ಮಾಜಿ ಸೇನಾ ತನಿಖಾಧಿಕಾರಿ ತನ್ನ ಗುರುತು ಮರೆಸುವುದು ಸಹಜವಾದ್ದರಿಂದ, ಭಾವಚಿತ್ರವನ್ನೋ ಸಂದರ್ಶನವನ್ನೋ ಯಾರೂ ಒತ್ತಾಯಿಸಿ ಕೇಳುವಂತಿರಲಿಲ್ಲ.

ಕಥೆಯ ನಾಯಕ ಕಾರ್ಮೊರನ್ ಸ್ಟ್ರೈಕ್ ಕೂಡ ಮಾಜಿ ಸೇನಾ ಪೊಲೀಸ್. ಅಫ್ಗಾನಿಸ್ತಾನದಲ್ಲಿ ಕಾಲು ಕಳೆದುಕೊಂಡು, ಸಾಲ ಮೈಮೇಲೆ ಹೊತ್ತು, ಲಂಡನ್ನಿನ ಡೆನ್ಮಾರ್ಕ್ ಸ್ಟ್ರೀಟ್‌ನಲ್ಲಿ ಖಾಸಗಿ ಪತ್ತೇದಾರಿಕೆ ನಡೆಸುತ್ತಾನೆ. ಮಹಡಿಯಿಂದ ಬಿದ್ದು ಸತ್ತ ರೂಪದರ್ಶಿಯದು ಆತ್ಮಹತ್ಯೆಯೋ ಕೊಲೆಯೋ ಎಂಬುದು ಅವನ ಮುಂದಿರುವ ಪ್ರಶ್ನೆ. ತಾತ್ಕಾಲಿಕ ಕೆಲಸಕ್ಕೆಂದು ಬಂದ ರಾಬಿನ್ ಎಲಕಾಟ್ ಅವನಿಗೆ ನೆರವಾಗುತ್ತಾಳೆ.

ಹಸ್ತಪ್ರತಿಯನ್ನು ಗಾಲ್‌ಬ್ರೈತ್ ಹೆಸರಿನಲ್ಲೇ ಓದಿದ ಪ್ರಕಾಶಕರಲ್ಲಿ ಕೆಲವರು ತಿರಸ್ಕರಿಸಿದರು. ಒಬ್ಬರಂತೂ ಬರವಣಿಗೆಯ ತರಬೇತಿ ನೆರವಾಗಬಹುದೆಂದು ಸಲಹೆ ಕೊಟ್ಟರು. ಆ ಪತ್ರಗಳನ್ನು ರೌಲಿಂಗ್ 2016ರಲ್ಲಿ ಬಹಿರಂಗಪಡಿಸಿದರು. ಕೊನೆಗೆ ಪುಸ್ತಕ ಬಂದದ್ದು ಲಿಟ್ಲ್ ಬ್ರೌನ್ ಸಮೂಹದ ಸ್ಫಿಯರ್‌ನಿಂದ. ವಿಮರ್ಶೆಗಳು ಚೆನ್ನಾಗಿಯೇ ಬಂದವು. ಮೊದಲ ಮೂರು ತಿಂಗಳಲ್ಲಿ ಗಟ್ಟಿ ರಟ್ಟಿನ ಪ್ರತಿಗಳು ಬ್ರಿಟನ್ನಿನಲ್ಲಿ ಸುಮಾರು 1,500 ಮಾರಾಟವಾದವು. ಹೆಸರಿಲ್ಲದ ಲೇಖಕನ ಮೊದಲ ಕೃತಿಗೆ ಇದು ಸೋಲಲ್ಲ. ಆ ಮೂರು ತಿಂಗಳಲ್ಲಿ ಸಿಕ್ಕ ಮೆಚ್ಚುಗೆ ಪೂರ್ತಿ ಕೃತಿಯದೇ.

ಗುಟ್ಟು ಒಡೆದದ್ದು ಜುಲೈನಲ್ಲಿ. ಇದು ರೌಲಿಂಗ್ ಬರೆದದ್ದೆಂಬ ಅನಾಮಧೇಯ ಸುಳಿವೊಂದು ಟ್ವಿಟರ್ ಮೂಲಕ ‘ಸಂಡೇ ಟೈಮ್ಸ್’ ಪತ್ರಿಕೆಗೆ ತಲುಪಿತು. ಪತ್ರಕರ್ತರು ಕೆದಕಿದಾಗ, ಗಾಲ್‌ಬ್ರೈತ್‌ಗೂ ರೌಲಿಂಗ್‌ಗೂ ಏಜೆಂಟ್ ಒಬ್ಬನೇ, ಸಂಪಾದಕನೂ ಒಬ್ಬನೇ ಎಂಬುದು ಕಂಡುಬಂತು. ಅಷ್ಟಕ್ಕೇ ಬಿಡದೆ ಇಬ್ಬರು ವಿದ್ವಾಂಸರಿಂದ ಪಠ್ಯ ಪರೀಕ್ಷೆ ಮಾಡಿಸಿದರು. ಅವರಲ್ಲಿ ಒಬ್ಬರು ಅಮೆರಿಕದ ಡುಕೇನ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಜುವೊಲಾ, ಇನ್ನೊಬ್ಬರು ಆಕ್ಸ್‌ಫರ್ಡ್‌ನ ಪೀಟರ್ ಮಿಲಿಕನ್. ಜುವೊಲಾ ಕಾದಂಬರಿಯನ್ನು ‘ದಿ ಕ್ಯಾಶುಯಲ್ ವೇಕೆನ್ಸಿ’ಯ ಜೊತೆಗೆ ಪತ್ತೇದಾರಿ ಲೇಖಕಿಯರಾದ ರೂತ್ ರೆಂಡೆಲ್, ಪಿ.ಡಿ. ಜೇಮ್ಸ್, ವಾಲ್ ಮೆಕ್‌ಡರ್ಮಿಡ್ ಅವರ ಒಂದೊಂದು ಕೃತಿಗೂ ಹೋಲಿಸಿ ನೋಡಿದರು. ಅಳೆದದ್ದು ಕಥೆಯನ್ನಲ್ಲ, ಶೈಲಿಯ ಸೊಗಸನ್ನೂ ಅಲ್ಲ. ಪದಗಳ ಉದ್ದ, ಅತಿ ಹೆಚ್ಚು ಬಳಕೆಯ 100 ಪದಗಳು, ಅಕ್ಕಪಕ್ಕ ಬರುವ ಪದಜೋಡಿಗಳು, ನಾಲ್ಕು ನಾಲ್ಕು ಅಕ್ಷರಗಳ ಗುಂಪುಗಳು. ಲೇಖಕರು ಗಮನವಿಟ್ಟು ಆರಿಸದ ಇಂಥ ಸಣ್ಣ ಸಂಗತಿಗಳಲ್ಲೇ ಕೈಬೆರಳಿನ ಗುರುತಿನಂಥದ್ದು ಉಳಿದುಹೋಗುತ್ತದೆ. ಪ್ರತಿ ಪರೀಕ್ಷೆಯಲ್ಲೂ ಮೊದಲ ಅಥವಾ ಎರಡನೆಯ ಸ್ಥಾನದಲ್ಲಿ ನಿಂತದ್ದು ರೌಲಿಂಗ್ ಮಾತ್ರ. ಇದು ಪುರಾವೆಯಲ್ಲ, ಅನುಮಾನಕ್ಕೆ ಬಲ ಅಷ್ಟೇ. ಪತ್ರಿಕೆ ನೇರವಾಗಿ ಕೇಳಿದಾಗ ರೌಲಿಂಗ್ ಒಪ್ಪಿಕೊಂಡರು. ಜುಲೈ 14ರಂದು ಸುದ್ದಿ ಅಚ್ಚಾಯಿತು.

ಸುಳಿವಿನ ಮೂಲ ರೌಲಿಂಗ್ ಪರ ಕೆಲಸ ಮಾಡುತ್ತಿದ್ದ ವಕೀಲರ ಸಂಸ್ಥೆಯಲ್ಲಿತ್ತು. ಅಲ್ಲಿನ ಪಾಲುದಾರನೊಬ್ಬ ಹೆಂಡತಿಯ ಗೆಳತಿಗೆ ನಂಬಿಕೆಯಿಂದ ಹೇಳಿದ್ದ ಮಾತು ಹೊರಬಿದ್ದಿತ್ತು. ನಂಬಿ ಒಪ್ಪಿಸಿದ ಗುಟ್ಟು ಅಲ್ಲಿಂದಲೇ ಸೋರಿದ್ದು ರೌಲಿಂಗ್‌ಗೆ ತೀವ್ರ ನೋವು ತಂದಿತು. ಸಂಸ್ಥೆ ಕ್ಷಮೆ ಕೇಳಿ, ಸೈನಿಕರ ನೆರವಿನ ದತ್ತಿಸಂಸ್ಥೆಗೆ ದೇಣಿಗೆ ಕೊಟ್ಟಿತು. ವಕೀಲನಿಗೆ 1,000 ಪೌಂಡ್ ದಂಡ ಬಿತ್ತು. ಕಾದಂಬರಿಯ ಗೌರವಧನವನ್ನೂ ರೌಲಿಂಗ್ ಮೂರು ವರ್ಷ ಅದೇ ದತ್ತಿಸಂಸ್ಥೆಗೆ ಮೀಸಲಿಟ್ಟರು.

ಸುದ್ದಿ ಹೊರಬಿದ್ದ ಕೂಡಲೇ ಪುಸ್ತಕ ಮಾರಾಟಪಟ್ಟಿಯ ತುದಿಗೇರಿತು, ಮರುಮುದ್ರಣ ಶುರುವಾಯಿತು. ಗುಟ್ಟು ಹೋದರೂ ಹೆಸರು ಉಳಿಯಿತು: 2014ರ ‘ದಿ ಸಿಲ್ಕ್‌ವರ್ಮ್’ನಿಂದ 2025ರ ‘ದಿ ಹಾಲ್‌ಮಾರ್ಕ್ಡ್ ಮ್ಯಾನ್’ವರೆಗೆ ಸ್ಟ್ರೈಕ್‌ನ ಮುಂದಿನ ಏಳೂ ಕಾದಂಬರಿಗಳು ಗಾಲ್‌ಬ್ರೈತ್ ಹೆಸರಿನಲ್ಲೇ ಬಂದವು. 2017ರಿಂದ ಬಿಬಿಸಿ ಇವನ್ನು ಟಿವಿ ಸರಣಿಯಾಗಿ ಪ್ರಸಾರ ಮಾಡುತ್ತಿದೆ.