ಹಸುವಿನ ಕಿವಿಯೋಲೆ: ಆ 12 ಅಂಕಿಗಳಲ್ಲಿ ಏನಿದೆ?



ಕಳೆದ ಮಳೆಗಾಲದಲ್ಲಿ ಸದಸ್ಯೆಯೊಬ್ಬರ ಹಸು ಹೊಟ್ಟೆಯುಬ್ಬರದಿಂದ ಸತ್ತುಹೋಯಿತು. ದಿನಕ್ಕೆ 14 ಲೀಟರ್ ಹಾಲು ಕೊಡುತ್ತಿದ್ದ ರಾಸು. ವಿಮೆ ಮಾಡಿಸಿದ್ದರು, ಕಂತನ್ನೂ ಕಟ್ಟಿದ್ದರು. ಮರಣೋತ್ತರ ಪರೀಕ್ಷೆಗೆ ಹೋದ ನಾನು ಮೊದಲು ಕಿವಿ ನೋಡಿದೆ. ಓಲೆ ಇರಲಿಲ್ಲ. "ಅಮ್ಮಾ, ಓಲೆ ಎಲ್ಲಿ?" ಎಂದೆ. ಅವರು ಕೊಟ್ಟಿಗೆಯ ಗೋಡೆಯ ಮೊಳೆಗೆ ನೇತುಹಾಕಿದ್ದ ಹಳದಿ ಓಲೆಯನ್ನು ತಂದು ನನ್ನ ಕೈಗಿಟ್ಟರು. "ಬೇಲಿಗೆ ಸಿಕ್ಕಿ ಕಿತ್ತು ಬಂದಿತ್ತು ಡಾಕ್ಟ್ರೇ. ಕಳೆದುಹೋಗಬಾರದು ಅಂತ ಜೋಪಾನವಾಗಿ ಇಟ್ಟಿದ್ದೆ" ಎಂದರು.

ಪರಿಹಾರ ಸಿಗಲಿಲ್ಲ. ಸತ್ತ ಹಸುವೇ ವಿಮೆ ಮಾಡಿಸಿದ ಹಸು ಎಂದು ಬರೆದುಕೊಡಲು ನನ್ನ ಬಳಿ ಆಧಾರವಿರಲಿಲ್ಲ. ಇಂಥ ನಷ್ಟ ಇನ್ನೊಂದು ಮನೆಗೆ ಆಗಬಾರದೆಂದು ಈ ಲೇಖನ.

ಮರಳಿನ ಮೇಲೆ ಮೂಡಿದ ಗೆರೆಗಳು

ಓಲೆಯ ಮೇಲೆ 12 ಅಂಕಿಗಳಿವೆ, ಜೊತೆಗೆ ಕಪ್ಪು ಗೆರೆಗಳ ಸಾಲಿದೆ. ಆ ಗೆರೆಗಳೇ ಬಾರ್‌ಕೋಡ್. ಸೋಪು, ಬಿಸ್ಕತ್ತಿನ ಪೊಟ್ಟಣದ ಮೇಲೂ ಇದನ್ನು ನೋಡಿರುತ್ತೀರಿ. ಇದು ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. 1940ರ ದಶಕದ ಕೊನೆಯಲ್ಲಿ ಅಮೆರಿಕದ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಎಂಬ ಯುವಕ ಮಯಾಮಿ ಕಡಲ ತೀರದಲ್ಲಿ ಕುಳಿತಿದ್ದ. ಅಂಗಡಿಯ ಸಾಮಾನುಗಳನ್ನು ಯಂತ್ರವೇ ಗುರುತಿಸುವಂತೆ ಮಾಡುವುದು ಹೇಗೆಂಬುದು ಅವನ ಚಿಂತೆ. ತಂತಿ ಸಂದೇಶಕ್ಕೆ ಬಳಸುವ ಮೋರ್ಸ್ ಸಂಕೇತದ ಚುಕ್ಕೆ, ಗೀಟುಗಳು ಅವನಿಗೆ ಗೊತ್ತಿದ್ದವು. ಬೆರಳುಗಳನ್ನು ಮರಳಿಗೆ ಊರಿ ತನ್ನತ್ತ ಎಳೆದುಕೊಂಡ. ದಪ್ಪ, ಸಣ್ಣ ಗೆರೆಗಳು ಮೂಡಿದವು. ದಾರಿ ಸಿಕ್ಕಿತು!

ಗೆಳೆಯ ಬರ್ನಾರ್ಡ್ ಸಿಲ್ವರ್ ಜೊತೆ ಅವನಿಗೆ 1952ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಅಗ್ಗದ ಕಂಪ್ಯೂಟರ್ ಆಗಲಿ, ಲೇಸರ್ ಆಗಲಿ ಆಗ ಇರಲಿಲ್ಲ. ಮುಂದೆ 1974ರ ಜೂನ್ 26ರಂದು ಅಮೆರಿಕದ ಓಹಾಯೋ ರಾಜ್ಯದ ಟ್ರಾಯ್ ಊರಿನ ಅಂಗಡಿಯೊಂದರಲ್ಲಿ ಚ್ಯೂಯಿಂಗ್ ಗಮ್ ಪೊಟ್ಟಣವೊಂದರ ಬಾರ್‌ಕೋಡನ್ನು ಸ್ಕ್ಯಾನರ್ ಓದಿತು. ಇಂದು ಎಲ್ಲ ಅಂಗಡಿಗಳಲ್ಲಿರುವ ಬಾರ್‌ಕೋಡ್ ಪದ್ಧತಿಯ ಮೊದಲ ಮಾರಾಟ ಅದು.

ಓದುವ ರೀತಿ ಸರಳ. ಬೆಳಕು ಬಿದ್ದಾಗ ತಿಳಿ ಜಾಗ ಅದನ್ನು ಹಿಂದಕ್ಕೆ ಕಳಿಸುತ್ತದೆ, ಕಪ್ಪು ಗೆರೆ ನುಂಗಿಕೊಳ್ಳುತ್ತದೆ. ಈ ವ್ಯತ್ಯಾಸವನ್ನೇ ಯಂತ್ರ ಅಂಕಿಗಳಾಗಿ ಬದಲಾಯಿಸುತ್ತದೆ. ಕೈಯಿಂದ ಬರೆದುಕೊಳ್ಳುವಾಗ 6 ಹೋಗಿ 8 ಆಗಬಹುದು, ಎರಡು ಅಂಕಿ ಅದಲುಬದಲಾಗಬಹುದು. ಸ್ಕ್ಯಾನ್ ಮಾಡಿದರೆ ಆ ಭಯ ಕಡಿಮೆ. ಗೆರೆಯ ಮೇಲೆ ಸಗಣಿ ಮೆತ್ತಿದ್ದರೆ ಮಾತ್ರ ಯಂತ್ರಕ್ಕೂ ಕಾಣದು.

ಓಲೆಯೊಳಗೆ ಚಿಪ್ ಇಲ್ಲ

"ಇದರಲ್ಲಿ ಚಿಪ್ ಇದೆಯಾ ಸಾರ್, ಹಸು ಕಳುವಾದರೆ ಎಲ್ಲಿದೆ ಅಂತ ಗೊತ್ತಾಗುತ್ತಾ?" ಎಂದು ಹಲವರು ಕೇಳುತ್ತಾರೆ. ನಾವು ಹಾಕುವ ಈ ಹಳದಿ ಓಲೆಯಲ್ಲಿ ಚಿಪ್ಪೂ ಇಲ್ಲ, ಬ್ಯಾಟರಿಯೂ ಇಲ್ಲ. ಇರುವುದು ಒಂದು ಸಂಖ್ಯೆ ಮಾತ್ರ. ಹಸುವಿನ ಕಥೆಯೆಲ್ಲ ಇರುವುದು 'ಭಾರತ್ ಪಶುಧನ್' ಎಂಬ ಕಂಪ್ಯೂಟರ್ ಕಡತದಲ್ಲಿ. ಮಾಲೀಕರು ಯಾರು, ಕಾಲುಬಾಯಿ ಜ್ವರದ ಲಸಿಕೆ ಯಾವಾಗ ಹಾಕಿದ್ದು, ಕೃತಕ ಗರ್ಭಧಾರಣೆಗೆ ಯಾವ ಹೋರಿಯ ವೀರ್ಯ ಬಳಸಿದ್ದು, ಗಬ್ಬ ನಿಂತಿದೆಯೇ ಎಂಬುದನ್ನೆಲ್ಲ ಅಲ್ಲಿ ದಾಖಲಿಸುತ್ತೇವೆ. ಕಡಸು ಬೆದೆಗೆ ಬಂದಾಗ ಅದರ ತಂದೆಯ ವೀರ್ಯವನ್ನೇ ಮತ್ತೆ ಹಾಕದಂತೆ ತಡೆಯಲು ಈ ದಾಖಲೆ ಬೇಕು.

ಓಲೆ ಬೀಗದ ಕೈ ಇದ್ದಂತೆ. ಕಿವಿಯಲ್ಲಿದ್ದರೆ ಕಡತ ತೆರೆಯುತ್ತದೆ. ಮೊಳೆಯಲ್ಲಿದ್ದರೆ ಅದು ಬರೀ ಪ್ಲಾಸ್ಟಿಕ್ ಚೂರು. ಯಾವ ಹಸುವಿನದು ಎಂದು ಯಾರೂ ಹೇಳಲಾರರು.

ನೀವು ಮಾಡಬೇಕಾದದ್ದು

1. ಓಲೆ ಹಾಕಿದ ದಿನವೇ ಹಸುವಿನ ಮುಖ ಮತ್ತು ಓಲೆಯ ಸಂಖ್ಯೆ ಎರಡೂ ಕಾಣುವಂತೆ ಫೋಟೋ ತೆಗೆದುಕೊಳ್ಳಿ. ಸಂಖ್ಯೆಯನ್ನು ಪುಸ್ತಕದಲ್ಲೂ ಬರೆದಿಡಿ.

2. ಗಾಯ ಮಾಯುವವರೆಗೆ ಕಿವಿಯನ್ನು ದಿನಾ ನೋಡಿ. ನೊಣ ಕೂತರೆ, ಕೀವಾದರೆ ಓಲೆ ಕತ್ತರಿಸಬೇಡಿ, ನಮಗೆ ತಿಳಿಸಿ.

3. ಸಗಣಿ ಮೆತ್ತಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ. ಚಾಕುವಿನಿಂದ ಕೆರೆದರೆ ಗೆರೆಗಳೇ ಅಳಿಸಿಹೋಗುತ್ತವೆ.

4. ಓಲೆ ಬಿದ್ದರೆ ಎತ್ತಿಟ್ಟುಕೊಂಡು ಆ ವಾರದಲ್ಲೇ ಆಸ್ಪತ್ರೆಗೆ ತಿಳಿಸಿ. ಹೊಸ ಓಲೆ ಹಾಕುವಾಗ ಹಳೆಯ ಸಂಖ್ಯೆಯನ್ನು ತಪ್ಪದೆ ಹೇಳಿ. ಇಲ್ಲದಿದ್ದರೆ ನಿಮ್ಮ ಹಳೆಯ ಹಸು ಕಡತದಲ್ಲಿ ಹೊಸ ಹಸುವಾಗಿಬಿಡುತ್ತದೆ. ವಿಮೆ ಇದ್ದರೆ ವಿಮಾ ಕಚೇರಿಗೂ ಲಿಖಿತವಾಗಿ ತಿಳಿಸಿ.

5. ಹಸು ಕೊಂಡಾಗ, ಮಾರಿದಾಗ ಮಾಲೀಕರ ಹೆಸರು ಬದಲಾಯಿಸಿಕೊಳ್ಳಿ.

ಆ ತಾಯಿ ಈಗ ಇನ್ನೊಂದು ಹಸು ಕಟ್ಟಿದ್ದಾರೆ. ಮೊನ್ನೆ ಲಸಿಕೆಗೆ ಹೋದಾಗ, ನಾನು ಕೇಳುವ ಮೊದಲೇ ಅದರ ಕಿವಿ ಹಿಡಿದು ತೋರಿಸಿದರು. ಇಂದು ಸಂಜೆ ಹಾಲು ಕರೆಯುವಾಗ ನೀವೂ ನಿಮ್ಮ ರಾಸುಗಳ ಕಿವಿ ಒಮ್ಮೆ ನೋಡಿಬಿಡಿ.