ದುಬೈಗೆ ಕುಟುಂಬವನ್ನು ಕರೆದೊಯ್ಯುವ ಮುನ್ನ

ಕರಾವಳಿಯ ಎಷ್ಟೋ ಮನೆಗಳಿಗೆ ದುಬೈ ಎಂದರೆ ಪಕ್ಕದ ಊರಿದ್ದಂತೆ. 1975ರಲ್ಲಿ ಎರಡು ಲಕ್ಷ ಜನರೂ ಇಲ್ಲದಿದ್ದ ಈ ಮರಳುಗಾಡಿನ ನಗರದ ಜನಸಂಖ್ಯೆ 2023ರಲ್ಲಿ 36 ಲಕ್ಷ ದಾಟಿತು. ಜನ ಹೆಚ್ಚಿದಂತೆ ಬಾಡಿಗೆಯೂ ಏರಿತು. ಆದ್ದರಿಂದ ಹೊರಡುವ ಮೊದಲು ಗಂಡ ಹೆಂಡತಿ ಜೊತೆಯಾಗಿ ಕುಳಿತು ಲೆಕ್ಕ ಹಾಕಬೇಕು.

ಕುಟುಂಬದ ವೀಸಾಕ್ಕೆ ಕನಿಷ್ಠ 4,000 ದಿರ್ಹಮ್ ಸಂಬಳ, ಇಲ್ಲವೇ 3,000 ದಿರ್ಹಮ್ ಜೊತೆಗೆ ವಸತಿ ಇರಬೇಕು. ಆದರೆ ವೀಸಾಕ್ಕೆ ಸಾಕಾಗುವ ಸಂಬಳ ಸಂಸಾರಕ್ಕೆ ಸಾಕಾಗದು. ಅಲ್ಲಿ ಮನೆ ಬಾಡಿಗೆಯನ್ನು ಇಡೀ ವರ್ಷಕ್ಕೆ ಗೊತ್ತುಮಾಡಿ, ಕೆಲವೇ ಚೆಕ್ಕುಗಳಲ್ಲಿ ಮೊದಲೇ ಬರೆದುಕೊಡುವ ರೂಢಿಯಿದೆ. ಮಕ್ಕಳ ಖಾಸಗಿ ಶಾಲೆಯ ಶುಲ್ಕ ಬೇರೆ.

ಉದ್ಯೋಗದ ಕರಾರಿನಲ್ಲಿ ಮೂಲ ವೇತನ ಎಷ್ಟೆಂದು ನೋಡಿ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಗೆ ಅದೇ ಆಧಾರ. ಮೊದಲ 5 ವರ್ಷ, ವರ್ಷಕ್ಕೆ 21 ದಿನಗಳ ಮೂಲ ವೇತನ. ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡುವುದಕ್ಕೂ ಅವನ ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವುದಕ್ಕೂ ಅಲ್ಲಿನ ಕಾನೂನಿನಲ್ಲಿ ಅವಕಾಶವಿಲ್ಲ.

ಪರೀಕ್ಷಾರ್ಥ ಸೇವೆಯ ಅವಧಿ ಗರಿಷ್ಠ 6 ತಿಂಗಳು. ಈ ಅವಧಿಯಲ್ಲಿ ಕೆಲಸ ಕೈತಪ್ಪುವ ಸಾಧ್ಯತೆ ಹೆಚ್ಚು. ಅದು ಮುಗಿಯುವವರೆಗೆ ಒಬ್ಬರೇ ಇದ್ದು, ಬಳಿಕ ಮನೆಯವರನ್ನು ಕರೆಸಿಕೊಳ್ಳುವುದು ಜಾಣತನ. ಹೆಂಡತಿಯ ಚಿನ್ನ ಅಡವಿಟ್ಟು ಎಲ್ಲರೂ ಒಟ್ಟಿಗೆ ಹೋಗಿ, ಸಾಲದೊಂದಿಗೆ ಹಿಂತಿರುಗುವುದಕ್ಕಿಂತ ಆರು ತಿಂಗಳ ಅಗಲಿಕೆ ಹಗುರವಲ್ಲವೇ?