ಊರಾಚೆಯ ಪ್ಲೇಗು ಗುಂಡಿಗಳಿಂದ ಊರೊಳಗಿನ ವಗಾಂಕೊವೊವರೆಗೆ

ಮಾಸ್ಕೋದ ‘ಉಲಿತ್ಸಾ 1905 ಗೋದಾ’ ಮೆಟ್ರೊ ನಿಲ್ದಾಣದಿಂದ ಸ್ವಲ್ಪ ದೂರ ನಡೆದರೆ ವಗಾಂಕೊವೊ ಸ್ಮಶಾನದ ಬಾಗಿಲು ಸಿಗುತ್ತದೆ. ಇಂದು ಸುತ್ತಲೂ ನಗರವೇ. ಸ್ಮಶಾನ ಹುಟ್ಟಿದಾಗ ಮಾತ್ರ ಇದು ಊರಾಚೆಯ ಬಯಲು.

1771ರಲ್ಲಿ ಮಾಸ್ಕೋಗೆ ಪ್ಲೇಗು ಬಡಿಯಿತು. ಅದುವರೆಗೆ ಆಯಾ ಬೀದಿಯ ಚರ್ಚಿನ ಅಂಗಳದಲ್ಲೇ ಹೆಣ ಹೂಳುವುದು ವಾಡಿಕೆ. ಸೋಂಕಿಗೆ ಹೆದರಿದ ಸರ್ಕಾರ ಅದನ್ನು ನಿಷೇಧಿಸಿತು. ಇಂಥ ಕಟ್ಟುಪಾಡುಗಳಿಂದ ಕೆರಳಿದ ಜನ ದಂಗೆಯೆದ್ದು ಆರ್ಚ್‌ಬಿಷಪ್ ಅಂಬ್ರೋಸಿಯನ್ನೇ ಕೊಂದರು. ಸಾಮ್ರಾಜ್ಞಿ ಎರಡನೆಯ ಕ್ಯಾಥರೀನ್ ಊರನ್ನು ಹತೋಟಿಗೆ ತರಲು ತನ್ನ ಆಪ್ತ ಗ್ರಿಗೊರಿ ಓರ್ಲೋವ್‌ನನ್ನು ಕಳಿಸಿದಳು. ಆ ವರ್ಷ ನಗರದಾಚೆ ತೆರೆದ ಹೊಸ ಸ್ಮಶಾನಗಳಲ್ಲಿ ವಗಾಂಕೊವೊ ಒಂದು.

ಬಹುಕಾಲ ಇಲ್ಲಿಗೆ ಬಂದವರು ಸಾಮಾನ್ಯರೇ. 1896ರಲ್ಲಿ ಝಾರ್ ಎರಡನೆಯ ನಿಕೊಲಾಯ್‌ನ ಪಟ್ಟಾಭಿಷೇಕದ ಸಂಭ್ರಮಕ್ಕೆ ಹತ್ತಿರದ ಖೊದಿಂಕಾ ಮೈದಾನದಲ್ಲಿ ಲಕ್ಷಾಂತರ ಜನ ಸೇರಿದ್ದರು. ಒಂದು ಲೋಟ, ಒಂದಿಷ್ಟು ತಿಂಡಿಯ ಉಡುಗೊರೆಗಾಗಿ ನೂಕುನುಗ್ಗಲಾಯಿತು. ಅಧಿಕೃತ ಲೆಕ್ಕದಲ್ಲೇ ಸತ್ತವರು 1,389. ಅದೇ ರಾತ್ರಿ ರಾಜದಂಪತಿ ಫ್ರೆಂಚ್ ರಾಯಭಾರಿಯ ನೃತ್ಯಕೂಟಕ್ಕೆ ಹೋದರು. ಮೃತರಲ್ಲಿ ಅನೇಕರನ್ನು ವಗಾಂಕೊವೊದ ಸಾಮೂಹಿಕ ಸಮಾಧಿಗೆ ತಂದರು. ಅವರ ಸ್ಮಾರಕ ಈಗಲೂ ಅಲ್ಲಿದೆ.

ಮರುವರ್ಷ ಬಂದವರು ಚಿತ್ರಕಾರ ಅಲೆಕ್ಸೆಯ್ ಸಾವ್ರಾಸೊವ್. ವಸಂತದ ಆರಂಭದಲ್ಲಿ ಗೂಡಿಗೆ ಮರಳುವ ಕಾಗೆಜಾತಿಯ ಹಕ್ಕಿಗಳನ್ನು ಬಿಡಿಸಿ ರಷ್ಯನ್ನರ ಮನಸ್ಸಿನಲ್ಲಿ ನಿಂತ ಅವರು ಕಡುಬಡತನದಲ್ಲಿ ತೀರಿಕೊಂಡಿದ್ದರು. ಜನರ ಆಡುಮಾತನ್ನು ಹೆಕ್ಕಿ ಸುಮಾರು 2 ಲಕ್ಷ ಪದಗಳ ನಿಘಂಟು ಕಟ್ಟಿದ ವ್ಲಾದಿಮಿರ್ ದಾಲ್ ಕೂಡ ಇಲ್ಲೇ ಇದ್ದಾರೆ. ಫುಟ್‌ಬಾಲ್ ಗೋಲ್‌ಕೀಪರ್ ಲೆವ್ ಯಾಶಿನ್ ಸಹ.

1925ರ ಡಿಸೆಂಬರ್ 31ರಂದು ಕವಿ ಸೆರ್ಗೆಯ್ ಯೆಸೆನಿನ್‌ರನ್ನು ಇಲ್ಲಿ ಮಣ್ಣು ಮಾಡಿದರು. ವಯಸ್ಸು ಮೂವತ್ತು. ವರ್ಷ ತುಂಬುವ ಮೊದಲೇ ಅವರ ಗೆಳತಿ ಗಲೀನಾ ಬೆನಿಸ್ಲಾವ್‌ಸ್ಕಯಾ ಆ ಸಮಾಧಿಯ ಬಳಿಯೇ ಪ್ರಾಣ ಕಳೆದುಕೊಂಡರು. ಇಬ್ಬರ ಸಮಾಧಿಗಳೂ ಹತ್ತಿರದಲ್ಲೇ ಇವೆ.

ನಟ, ಹಾಡುಗಾರ ವ್ಲಾದಿಮಿರ್ ವಿಸೋತ್ಸ್ಕಿ ತೀರಿಕೊಂಡಿದ್ದು 1980ರ ಜುಲೈ 25ರಂದು, ಮಾಸ್ಕೋ ಒಲಿಂಪಿಕ್ಸ್ ನಡೆಯುತ್ತಿದ್ದಾಗ. ಪತ್ರಿಕೆಗಳಲ್ಲಿ ಸುದ್ದಿ ಬಂದದ್ದು ಒಂದೆರಡು ಸಾಲು. ಆದರೂ ಬಾಯಿಂದ ಬಾಯಿಗೆ ಹಬ್ಬಿ, ಅವರು ನಟಿಸುತ್ತಿದ್ದ ತಗಾಂಕಾ ರಂಗಮಂದಿರದ ಮುಂದೆ ಜನಸಾಗರ ಸೇರಿತು. ವಗಾಂಕೊವೊದಲ್ಲಿರುವ ಅವರ ಸಮಾಧಿಯ ಮೇಲಿನ ಕಂಚಿನ ಪ್ರತಿಮೆಯಲ್ಲಿ ತಲೆಯ ಹಿಂದೆ ಗಿಟಾರ್ ಪ್ರಭಾವಳಿಯಂತಿದೆ. ಪ್ರತಿ ಜುಲೈ 25ಕ್ಕೆ ಜನ ಅಲ್ಲಿ ಸೇರುತ್ತಾರೆ. ಸತ್ತವರಿಗೆ ಸಮಸಂಖ್ಯೆಯ ಹೂ ಇಡುವುದು ರಷ್ಯನ್ನರ ಪದ್ಧತಿ. ಎರಡು, ನಾಲ್ಕು, ಆರು ಎಂದು ಎಣಿಸಿ ತಂದು ಪ್ರತಿಮೆಯ ಪಾದದ ಬಳಿ ಇಡುತ್ತಾರೆ.